ತಾರಸಿ ಒಪ್ಪಿಗೆಯಾಗದ ಬೀಗರು

ನಮ್ಮ ಬೀಗರು, ಅಂದರೆ ಮಗಳ ಮಾವ, ನಮ್ಮ ಮನೆಗೆ ಬಂದರೆ ಮೊದಲು ಮಾತಾಡಿಸುವುದು ನನ್ನನ್ನಲ್ಲ, ನಮ್ಮನೆಯವರನ್ನೂ ಅಲ್ಲ. ಗೋಡೆಯನ್ನು! ಚಪ್ಪಲಿ ಬಿಡುತ್ತಲೇ ತೋರುಬೆರಳು ಮಡಿಸಿ ಬಾಗಿಲ ಪಕ್ಕದ ಗೋಡೆಗೆ ಟಕ್ ಟಕ್ ಎಂದು ಬಡಿದು ಕಿವಿ ಇಡುತ್ತಾರೆ. ಗೋಡೆ ಅವರಿಗೆ ಏನು ಹೇಳುತ್ತದೋ ನಾನು ಕಾಣೆ. ಕೇಳಿಸಿಕೊಂಡು ತಲೆಯಾಡಿಸಿದ ಮೇಲೆಯೇ ನಮ್ಮ ಕಡೆ ತಿರುಗಿ ಚೆನ್ನಾಗಿದ್ದೀರಾ ಅಕ್ಕಾ ಅನ್ನುತ್ತಾರೆ.

ಹೆಣ್ಣು ನೋಡಲು ಕನಕಪುರದ ಕಡೆಯಿಂದ ಒಂದು ವ್ಯಾನು ಜನ ಬಂದಿದ್ದರು. ಮಗಳು ಕಾಫಿ ತಟ್ಟೆ ಹಿಡಿದು ಬಂದಳು. ಇಡೀ ವ್ಯಾನು ಹುಡುಗಿಯನ್ನು ನೋಡಿತು, ಇವರೊಬ್ಬರು ಮಾತ್ರ ತಲೆಯೆತ್ತಿ ತಾರಸಿ ನೋಡುತ್ತಿದ್ದರು. ಕಣ್ಣು ಕೆಳಗಿಳಿಸದೆಯೇ ಲೋಟ ತೆಗೆದುಕೊಂಡರು. ಕೊನೆಗೆ ನಮ್ಮನೆಯವರು ಅಳುಕುತ್ತಾ, ಹುಡುಗಿ ಒಪ್ಪಿಗೆಯಾ ಎಂದು ಕೇಳಿದರು.

"ಹುಡ್ಗಿ ಒಪ್ಗೆ. ತಾರ್ಸಿ ಒಸಿ ಯೋಚ್ನೆ ಮಾಡ್ಬೇಕು," ಎಂದರು ಬೀಗರು.

ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವರು ಪೊರಕೆ ಹುಡುಕುತ್ತಿದ್ದರು. ಅಕ್ಕಿ ಮೋರಿಗೆ ಹೋಗಿ ಉಬ್ಬಿದರೆ ಪೈಪು ಕಟ್ಟಿಕೊಳ್ಳುತ್ತದಂತೆ. ಛತ್ರ ಯಾರದೋ, ಪೈಪು ಯಾರದೋ! ಇನ್ನು ಅವರ ಮನೆಯಲ್ಲಿ ಕೇಳಬೇಕೆ? ಶುಕ್ರವಾರ ದೀಪ ಹಚ್ಚಲು ಬೀಗಿತ್ತಿ ಎಣ್ಣೆ ಹುಡುಕಿದರೆ ಅದಾಗಲೇ ಬಾಗಿಲ ಕೀಲುಗಳ ಪಾಲಾಗಿರುತ್ತದೆ. ಆ ಮನೆಯಲ್ಲಿ ಒಂದು ಬಾಗಿಲೂ ಕಿರ್ ಅನ್ನುವುದಿಲ್ಲ. ಕಿರ್ ಅನ್ನುವುದು ನಾನೊಬ್ಬಳೇ ಎಂದು ಬೀಗಿತ್ತಿಯೇ ನಕ್ಕು ಹೇಳಿದ್ದರು.

ನಾವೂ ನಗುತ್ತಲೇ ಇದ್ದೆವು, ಮಗಳಿಗೆ ಏಳು ತಿಂಗಳು ತುಂಬುವವರೆಗೆ.

ಚೊಚ್ಚಲ ಬಾಣಂತನ ತವರುಮನೆಯಲ್ಲಿ ತಾನೆ? ನಾನು ಹರಳೆಣ್ಣೆ, ಬೆಳ್ಳುಳ್ಳಿ, ಮಗು ಸುತ್ತಲು ಮೆತ್ತನೆಯ ಹಳೇ ಸೀರೆಗಳು, ಎಲ್ಲ ಜೋಡಿಸಿಕೊಂಡು ಕುಣಿಯುತ್ತಿದ್ದೆ. ತೊಂದರೆ ಇದ್ದದ್ದು ಒಂದೇ. ಬಾಣಂತಿ ಕೋಣೆಯ ಗೋಡೆ ತೇವ ಹಿಡಿದು ಹಪ್ಪಳದಂತೆ ಎದ್ದಿತ್ತು. ಬೀಗರು ಕೋಣೆ ನೋಡಲು ಬರುತ್ತಾರೆಂದು ಗೊತ್ತಾದಾಗ ನಾನು ಮಾಡಿದ ರಿಪೇರಿ ಕೇಳಿ. ಕಬ್ಬಾಳಮ್ಮ ದೇವಿಯ ದೊಡ್ಡ ಕ್ಯಾಲೆಂಡರ್ ತಂದು ಅದರ ಮೇಲೆ ನೇತುಹಾಕಿದೆ. ಅಮ್ಮನ ಹಿಂದೆ ಇಣುಕುವ ಧೈರ್ಯ ಯಾರಿಗಿದೆ?

ಬೀಗರು ಬಂದರು. ಅಮ್ಮನ ಮುಂದೆ ನಿಂತು ಕೈ ಮುಗಿದರು. ಸದ್ಯ ಗೆದ್ದೆ ಅಂದುಕೊಂಡೆ.

"ಅಕ್ಕಾ, ಅಮ್ಮ ಯಾಕೆ ಬೆವರ್ತಾವ್ಳೆ?"

ಕ್ಯಾಲೆಂಡರ್ ನೆಂದು ಮುದುರಿಕೊಂಡಿತ್ತು. ಅದನ್ನು ಎತ್ತಿ, ಮಕ್ಕಳ ಜ್ವರ ನೋಡುವ ಹಾಗೆ ಗೋಡೆಗೆ ಹಿಂಗೈ ಇಟ್ಟರು. "ಥಂಡಿ ಐತೆ. ಮಗಾನ ಇಲ್ಲಿ ಮಲಗ್ಸಕ್ಕಾಗಕ್ಕಿಲ್ಲ. ಬಾಣಂತನ ನಮ್ಮೂರಲ್ಲೇ ಆಗ್ಲಿ ಬುಡಿ."

ಗಂಡಿನ ಕಡೆಯವರು ಅಂದಮೇಲೆ ಮುಗಿಯಿತಲ್ಲ! ಮೊದಲ ಮೊಮ್ಮಗುವಿಗೆ ನೀರು ಹಾಕುವ ಭಾಗ್ಯ ಒಂದು ಗೋಡೆಯಿಂದ ಕೈತಪ್ಪುವುದೇ?

"ಹಂಗನ್ಬೇಡಿ ಬೀಗ್ರೆ. ಗೋಡೆ ಬೇಕಾದ್ರೆ ಕೆಡವ್ತೀವಿ, ಮಗಳ್ನ ಕಳ್ಸಿ."

"ಕೆಡವೋದ್ಯಾಕೆ? ಏಣಿ ಕೊಡಿ."

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಮುರಿದರೆ ಬಿಸಾಕಲು ಮನಸ್ಸು ಬಾರದೆ ತಾರಸಿಗೆ ಸಾಗಿಸಿ ಒಂದರ ಮೇಲೊಂದು ಒರಗಿಸುತ್ತಾ ಬಂದಿದ್ದೆವು. ಒರಗಿಸಿದ್ದು ಸರಿಯಾಗಿ ಮಳೆನೀರು ಹೋಗುವ ತೂತಿನ ಮೇಲೆ! ಅದರಡಿ ಕಸ, ಮಣ್ಣು, ಮಣ್ಣಿನಲ್ಲಿ ಒಂದು ಅರಳಿ ಸಸಿ. ನಿಂತ ನೀರು ಇನ್ನೆಲ್ಲಿಗೆ ಹೋದೀತು? ನಮ್ಮ ಗೋಡೆಗೇ ಇಳಿದಿತ್ತು.

"ಹುಳದ ಮನೇಲಿ ಒಂದ್ ತೊಟ್ಟು ತೇವ ಬುಡಕ್ಕಿಲ್ಲ, ಮನ್ಸರು ಮಲ್ಗೋ ಮನೆ ಮೇಲೆ ಕೆರೆ ಕಟ್ಟವ್ರೆ," ಎಂದು ಬೀಗರು ಮೇಲಿಂದ ಹೇಳಿದರು. ಹುಳದ ಮನೆಗೆ ಕಾಲು ತೊಳೆಯದೆ ಕಾಲಿಡದ ನಮ್ಮನೆಯವರು ತಲೆ ತಗ್ಗಿಸಿ ಏಣಿ ಹಿಡಿದುಕೊಂಡಿದ್ದರು. ವರ್ಷಕ್ಕೆರಡು ಸಲ ಪೊರಕೆ ಆಡಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಮನೆಯ ಬೆಲೆಯನ್ನೇ ಕಳೆದುಕೊಳ್ಳುತ್ತಿದ್ದೀರಲ್ಲ ಎಂಬ ಮಾತೂ ಇಳಿದು ಬಂತು.

ಅವರು ಇಳಿದರು, ಆದರೆ ಊರಿಗೆ ಹೋಗಲಿಲ್ಲ! ಬೀಗರೆಂದರೆ ಮಂಚದ ಮೇಲೆ ಕೂರಿಸಿ ಕೋಳಿ ಸಾರು, ಮುದ್ದೆ ಬಡಿಸಬೇಕಾದವರು. ಇವರು ನಮ್ಮನೆಯವರ ಹಳೇ ಲುಂಗಿ ಉಟ್ಟು, ಸಸಿಯನ್ನು ಬೇರುಸಹಿತ ಕಿತ್ತು, ಬಿರುಕು ಕೆರೆದು, ಸಿಮೆಂಟು ಕಲಸುತ್ತಾ ಕೂತರು. ಎದುರು ಮನೆಯವಳು ನನ್ನನ್ನು ಪಕ್ಕಕ್ಕೆ ಕರೆದು, ಗಾರೆಯವನು ಒಳ್ಳೇ ಕೆಲಸಗಾರ ಕಣಮ್ಮ, ಇಲ್ಲಿ ಮುಗಿದ ಮೇಲೆ ನಮ್ಮನೆಗೂ ಕಳಿಸು ಎಂದಳು. ನಾನು ಯಾವ ಬಾಯಲ್ಲಿ ಇವರು ನಮ್ಮ ಬೀಗರು ಅನ್ನಲಿ? ಕೇಳ್ತೀನಿ ಅಂದೆ.

ಗೋಡೆ ಒಣಗಿ ಸುಣ್ಣ ಕಂಡ ಮೇಲೆ ಪರೀಕ್ಷೆ ಬಂತು. ನೀರಿನ ದಾರಿಗೆ ಗೋಣಿಚೀಲ ತುರುಕಿ, ತಾರಸಿಯ ತುಂಬ ನೀರು ನಿಲ್ಲಿಸಿ, ಬೀಗರು ಬಾಣಂತಿ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡತೊಡಗಿದರು. ಹಡೆಯುವವಳಿಗಿಂತ ಮೊದಲು ಆ ಮಂಚ ಹತ್ತಿದವರು ಇವರೇ! ನಾನು ಬಾಗಿಲಲ್ಲಿ ನಿಂತು ಒಂದು ಹನಿಯೂ ಬೀಳದಿರಲಿ ತಾಯಿ ಎಂದು, ಬೆವರಿದ್ದ ಆ ಕಬ್ಬಾಳಮ್ಮನಿಗೇ ಬೇಡಿಕೊಂಡೆ. ಸಂಜೆ ಅವರು ಎದ್ದು ಕೂತರು.

"ಕಳಿಸ್ತೀನಿ ಕಣಕ್ಕಾ."

ಆವತ್ತು ಅವರ ಕಾಫಿಗೆ ನಾನು ಎಷ್ಟು ಸಕ್ಕರೆ ಸುರಿದೆನೋ, ಪಾಪ, ಲೋಟ ಪೂರ್ತಿ ಖಾಲಿ ಮಾಡಿದರು.

ಬಂದಳು ನನ್ನ ಬಂಗಾರಿ! ಮೊಮ್ಮಗಳು! ಎರಡು ಕೈ ಅಗಲದ ಹುಡುಗಿ ಇಡೀ ಮನೆ ತುಂಬಿಬಿಟ್ಟಳು. ಅವಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ನನ್ನ ವಯಸ್ಸೇ ಮರೆತುಹೋಯಿತು. ಮಗು ನೋಡಲು ಬೀಗರು ಬಂದ ದಿನವೇ ಜೋರು ಮಳೆ ಹಿಡಿಯಿತು. ತಾರಸಿಯ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ನಾನು, ನಮ್ಮನೆಯವರು, ಹಾಸಿಗೆಯಲ್ಲಿದ್ದ ಮಗಳು, ಮೂವರೂ ತಲೆಯೆತ್ತಿ ಸೂರು ನೋಡಿದೆವು. ಅದು ಒಣಗಿಯೇ ಇತ್ತು.

ಹಿಗ್ಗಿಹೋಗಿ, ತೊಟ್ಟಿಲ ಹತ್ತಿರ ಬಗ್ಗಿದ್ದ ಬೀಗರನ್ನು ಕೇಳಿದೆ.

"ಈಗ ಹೇಳಿ ಬೀಗ್ರೆ. ತಾರ್ಸಿ ಒಪ್ಗೆಯಾ?"

"ಯಾವ್ ತಾರ್ಸಿ ಅಕ್ಕಾ?"

ಅವರು ತಲೆ ಎತ್ತಲಿಲ್ಲ. ಗೋಡೆ ಬಡಿಯುವ ಆ ಬೆರಳನ್ನು ಮಗು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆ ಹೋಗಿತ್ತು.