ಕಾಲ್ಗುಣದ ವಿಚಾರವಾಗಿ ಸ್ವಿಚ್ ಪೆಟ್ಟಿಗೆಗೊಂದು ಬಹಿರಂಗ ಪತ್ರ

ಸೇಡಂ
೨೭ ಅಕ್ಟೋಬರ್ ೨೦೦೬, ಶುಕ್ರವಾರ

ಮಾನ್ಯರೇ,

ನಮ್ಮ ಲಾರಿ ಬುಕಿಂಗ್ ಕಚೇರಿಯ ನಾಲ್ಕು ಕಂಪ್ಯೂಟರುಗಳನ್ನೂ ಒಂದು ಮೋಡೆಮ್ಮನ್ನೂ ತಮ್ಮ ಎಂಟು ತೂತುಗಳಲ್ಲಿ ಒಗ್ಗೂಡಿಸಿಕೊಂಡು, ಸ್ವಿಚ್ ಎಂಬ ಹೆಸರಿದ್ದರೂ ಒತ್ತಲು ಒಂದು ಗುಂಡಿಯೂ ಇಲ್ಲದೆ, ಕಬ್ಬಿಣದ ಅಲ್ಮಾರಿಯ ನೆತ್ತಿಯ ಮೇಲೆ ವಿರಾಜಮಾನರಾಗಿರುವ ತಮಗೆ ಹೆಡ್ ಕ್ಲರ್ಕ್ ಪ್ರಾಣೇಶನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಸಿರು ದೀಪಗಳಿಂದ ತಿಳಿದಿದ್ದೇವೆ. ನಾವಂತೂ ಕ್ಷೇಮವಾಗಿಲ್ಲ.

ದಸರೆ ಕಳೆದಂದಿನಿಂದ ನಮ್ಮ ಇಂಟರ್ನೆಟ್ಟು ತೆವಳುತ್ತಿರುವುದು ತಮ್ಮ ಗಮನಕ್ಕೆ ಬಂದಿರಬಹುದು. ಸಿಮೆಂಟ್ ಕಾರ್ಖಾನೆಗೆ ದಿನವೂ ಹನ್ನೊಂದು ಗಂಟೆಯೊಳಗೆ ಲಾರಿ ನಂಬರುಗಳ ಪಟ್ಟಿ ಇಮೇಲಿನಲ್ಲಿ ಹೋಗಬೇಕಷ್ಟೆ. ಮೊನ್ನೆ ಆ ಪಟ್ಟಿ ಇನ್ನೇನು ಹೊರಟಿತು ಎನ್ನುವಾಗ, ಅದನ್ನೇ ಕಾಗದದ ಮೇಲೆ ಬರೆದುಕೊಂಡ ನಮ್ಮ ಡ್ರೈವರ್ ಚಾಂದ್, ಬಸ್ಸು ಹತ್ತಿ ಕಾರ್ಖಾನೆಯಿರುವ ಆದಿತ್ಯನಗರಕ್ಕೆ ಹೋಗಿ, ಪಟ್ಟಿ ಕೊಟ್ಟು, ಚಹಾ ಕುಡಿದು, ಸೇಡಮ್ಮಿಗೆ ಮರಳಿ ನೋಡಿದರೆ ಇಮೇಲು ಇನ್ನೂ ಹೊರಡುತ್ತಲೇ ಇತ್ತು. ಇಷ್ಟು ಸಾವಧಾನ ನಮ್ಮ ಮಠದಲ್ಲಿಯೂ ಕಂಡಿಲ್ಲ.

ನಾವು ಕೈಕಟ್ಟಿ ಕೂತವರಲ್ಲ. ಟೆಲಿಫೋನಿನವರು ಬಂದು ಲೈನು ಸ್ವಚ್ಛವಾಗಿದೆ ಎಂದು ಹೇಳಿ ಹೋದರು. ಮೋಡೆಮ್ಮನ್ನು ದಿನಕ್ಕೆ ಹತ್ತು ಸಲ ಆರಿಸಿ ಹಚ್ಚಿದೆವು. ವೈರಸ್ಸುಗಳನ್ನು ಹುಡುಕಿಸಿದೆವು. ಕೊನೆಗೆ ತಮ್ಮ ಮುಖವನ್ನು ಪೂರ್ವಕ್ಕೆ ತಿರುಗಿಸಿ, ಪಕ್ಕಕ್ಕೊಂದು ನಿಂಬೆಹಣ್ಣನ್ನೂ ಇಟ್ಟೆವು. ತಾವು ಮಾತ್ರ ಹಗಲಿಡೀ ಎಡೆಬಿಡದೆ ಮಿನುಗುತ್ತಿದ್ದಿರಿ. ಈ ಕಚೇರಿಯಲ್ಲಿ ನಿಷ್ಠೆಯಿಂದ ದುಡಿಯುವುದು ಅದೊಂದೇ ಎಂದು ಸಾವ್ಕಾರ ರೇವಣಪ್ಪನವರೆದುರು ತಮ್ಮನ್ನು ಹೊಗಳಿದವನು ನಾನೇ.

ಯಂತ್ರಗಳೆಲ್ಲ ನಿರಪರಾಧಿಗಳೆಂದು ತೀರ್ಮಾನವಾದ ಮೇಲೆ ಉಳಿದದ್ದು ಮನುಷ್ಯರು. ಕುರಕುಂಟಾದಿಂದ ದಿನವೂ ಬಸ್ಸಿನಲ್ಲಿ ಬರುವ ತಾಜುನ್ನಿಸಾ ಕಂಪ್ಯೂಟರ್ ಆಪರೇಟರಾಗಿ ನಮ್ಮಲ್ಲಿ ಸೇರಿದ್ದು ದಸರೆಯ ಮರುದಿನ. ನೆಟ್ಟು ಕೂತದ್ದೂ ಅಂದೇ. "ಈಕಿ ಕಾಲ್ಗುಣ ಭಾಳ ಭಾರ ಅದರಿ" ಎಂದು ಸಾವ್ಕಾರರ ಕಿವಿಯಲ್ಲಿ ಮೊದಲು ಹೇಳಿದವನೂ, ನಾಚಿಕೆಯಾಗುತ್ತದೆ, ನಾನೇ. ಶನಿವಾರದೊಳಗೆ ನೆಟ್ಟು ಸರಿಹೋಗದಿದ್ದರೆ ಸೋಮವಾರದಿಂದ ಬರುವುದು ಬೇಡವೆಂದು ಸಾವ್ಕಾರರು ಆಕೆಗೆ ಹೇಳಿಬಿಟ್ಟರು. ಮನೆಯಲ್ಲಿ ದುಡಿಯುವವಳು ಆಕೆಯೊಬ್ಬಳೇ ಎಂಬುದು ನಮಗೆಲ್ಲ ಗೊತ್ತಿತ್ತು.

ಇಂದು ಮಧ್ಯಾಹ್ನ ಆಕೆ ಕುರ್ಚಿ ಹತ್ತಿ ತಮ್ಮನ್ನು ಬಹಳ ಹೊತ್ತು ನೋಡಿದಳು. "ಸರ್, ಕಂಪ್ಯೂಟರ್ ನಾಲ್ಕ, ಮೋಡೆಮ್ ಒಂದ. ಮತ್ತ ದೀಪ ಏಳು ಯಾಕ ಉರೀಲಿಕತ್ತಾವ್ರಿ?" ಎಂದಳು. ಹೆಚ್ಚಿನ ಎರಡು ತೂತುಗಳಿಗೆ ಬೆರಳಿಟ್ಟು ವೈರಿನ ಗುಂಟ ಸಾಗಿದಳು. ವೈರು ಒಂದೇ! ತಲೆಯೂ ತಮ್ಮೊಳಗೆ, ಬಾಲವೂ ತಮ್ಮೊಳಗೆ. ಹೋದದ್ದೆಲ್ಲ ತಿರುಗಿ ಬಂದು, ಬಂದದ್ದೆಲ್ಲ ಮತ್ತೆ ಹೋಗಿ, ತಾವು ಇಪ್ಪತ್ತನಾಲ್ಕು ದಿನ ತಮ್ಮ ಸುತ್ತ ತಾವೇ ಪ್ರದಕ್ಷಿಣೆ ಹಾಕುತ್ತಿದ್ದಿರಿ. ಆಕೆ ಒಂದು ತುದಿ ಕಿತ್ತಳು, ಪಟ್ಟಿ ಕಣ್ಣು ಮಿಟುಕಿಸುವುದರಲ್ಲಿ ಹೋಯಿತು. "ನನ್ನ ಕಾಲ್ಗುಣ ಬಿಡ್ರಿ ಸರ್, ವೈರಿಂದು ನೋಡ್ರಿ" ಎಂದಷ್ಟೇ ಹೇಳಿ ಕುರ್ಚಿ ಇಳಿದಳು.

ಆ ತುದಿಯನ್ನು ಸಿಕ್ಕಿಸಿದ್ದು ಯಾರೆಂದು ತಮಗೆ ಗೊತ್ತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ತಮ್ಮ ವೈರುಗಳನ್ನೆಲ್ಲ ಕಿತ್ತು, ಧೂಳು ಒರೆಸಿ, ಕುಂಕುಮ ಹಚ್ಚಿ, ಮರಳಿ ಜೋಡಿಸಿದವನು ನಾನು. ಎಲ್ಲ ಮುಗಿದ ಮೇಲೆ ಒಂದು ವೈರು ಉಳಿಯಿತು, ತೂತುಗಳೂ ಖಾಲಿ ಕಂಡವು. ಪೂಜೆಯ ದಿನ ಒಂದನ್ನು ಬಿಡಿಯಾಗಿ ಬಿಡುವುದು ಸರಿಯಲ್ಲವೆಂದು ಎರಡೂ ತುದಿಗೆ ಜಾಗ ಮಾಡಿಕೊಟ್ಟೆ. ದೋಷ ಆಕೆಯ ಕಾಲ್ಗುಣದ್ದಲ್ಲ, ನನ್ನ ಕೈಗುಣದ್ದು.

ಆದ್ದರಿಂದ ತಮ್ಮಲ್ಲಿ ಅರಿಕೆಯೇನೆಂದರೆ, ನಾಳೆ ಸಾವ್ಕಾರರು ಬಂದಾಗ ತಾವೇ ಬಾಯಿಬಿಟ್ಟು ಈ ಸಂಗತಿಯನ್ನು ನಿವೇದಿಸಬೇಕು. ಅದು ಸಾಧ್ಯವಿಲ್ಲದಿದ್ದರೆ, ಆಕೆಯ ಎರಡೂ ಪಾದಗಳು ನಿರ್ದೋಷಿಗಳೆಂದು ಒಂದು ಪ್ರಮಾಣಪತ್ರವನ್ನಾದರೂ ದಯಪಾಲಿಸಬೇಕು. ಎರಡೂ ತಮ್ಮಿಂದ ಆಗದೆಂದು ಬಲ್ಲೆನಾದ್ದರಿಂದ ಈ ಪತ್ರವನ್ನು ಸಾವ್ಕಾರರ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ತಮ್ಮ ಮೇಲಿನ ವಿಶ್ವಾಸ ಮರಳಿ ಪಡೆದು ತನ್ನ ಮೇಲಿನದನ್ನು ಕಳೆದುಕೊಂಡ,
ತಮ್ಮ ವಿಶ್ವಾಸಿ,
ಪ್ರಾಣೇಶ

ತಾ.ಕ.: ಶನಿವಾರ ಪತ್ರ ಓದಿದ ಸಾವ್ಕಾರರು ನಕ್ಕು, "ಹೋಗ್ಲಿ ಬಿಡ್ರಿ, ಮನುಷ್ಯಾ ಅಂದ ಮ್ಯಾಲ ತಪ್ಪಾಗ್ತದ" ಎಂದರು. ಆಕೆಯ ಕಾಲಿಗೆ ಇಪ್ಪತ್ತನಾಲ್ಕು ದಿನ ಸಿಗದ ಮಾಫಿ ನನ್ನ ಕೈಗೆ ಅರ್ಧ ನಿಮಿಷದಲ್ಲಿ ಸಿಕ್ಕಿತು. ಇಂದು ಸೋಮವಾರ ತಾಜುನ್ನಿಸಾ ಕೆಲಸಕ್ಕೆ ಬಂದಳು. ಹೊಸ್ತಿಲ ಹೊರಗೇ ನಿಂತು, ಯಾವ ಕಾಲು ಮೊದಲು ಇಡಲಿ ಎಂದು ಎಲ್ಲರೆದುರು ನನ್ನನ್ನೇ ಕೇಳಿದಳು. ಉತ್ತರ ತಮಗೆ ಗೊತ್ತಿದ್ದರೆ ದಯಮಾಡಿ ಮಿನುಗಿ ತಿಳಿಸುವುದು.