ಫರಸಿಕಲ್ಲಿನ ಹಾವಸೆ, ಮೀಟರ್ ಡಬ್ಬಿಯ ಗುಬ್ಬಿ

ಗುಬ್ಬಿಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿಲ್ಲ. ಪಟ್ಟಣದ ಜನ ಗುಬ್ಬಿ ಕಾಣೆಯಾಯಿತೆಂದು ಕಣ್ಣೀರು ಸುರಿಸುತ್ತಾರಂತೆ. ಆಳಂದಕ್ಕೆ ಬರಲಿ, ನಮ್ಮ ಮನೆಯಿಂದ ಚೀಲ ತುಂಬಿ ಕೊಡುತ್ತೇನೆ. ಹೆಂಡತಿ ಹಸನು ಮಾಡುವ ಜೋಳಕ್ಕೇ ಇಳಿಯುತ್ತವೆ, ತಿಂದಷ್ಟೇ ಚೆಲ್ಲುತ್ತವೆ, ಕನ್ನಡಿಯಲ್ಲಿ ತಮ್ಮನ್ನೇ ಕಂಡು ಜಗಳಕ್ಕೆ ನಿಲ್ಲುತ್ತವೆ. ತಾಲ್ಲೂಕು ಕಚೇರಿಯ ಗುಮಾಸ್ತನಾಗಿ ಇಂಥ ಗದ್ದಲದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾವಸೆಯ, ಅಂದರೆ ಹಸಿರು ಪಾಚಿಯ, ದರ್ಜೆಯೇ ಬೇರೆ. ಕೂತಲ್ಲಿ ಕೂತಿರುತ್ತದೆ, ಯಾರನ್ನೂ ಬೇಡುವುದಿಲ್ಲ. ನಮ್ಮ ಬಚ್ಚಲಿನ ಹಿಂದೆ ನೀರು ಜಿನುಗುವಲ್ಲಿ ನೆಲಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಅಂಗೈಯಗಲ ಬೆಳೆದಿತ್ತು. ಅದರ ಫೋಟೋ ಯಾರ್ಯಾರದೋ ಮೊಬೈಲು ದಾಟಿ ಜೇವರ್ಗಿಯ ಸಸ್ಯಶಾಸ್ತ್ರದ ಮಾಸ್ತರರೊಬ್ಬರನ್ನು ಮುಟ್ಟಿತು. ಈ ಬಿಸಿಲುಸೀಮೆಯಲ್ಲಿ ಇದು ಬಲು ಅಪರೂಪ, ರವಿವಾರ ಬಂದು ನೋಡುತ್ತೇನೆ, ಬರೆದರೆ ನಿಮ್ಮ ಹೆಸರನ್ನೂ ಹಾಕುತ್ತೇನೆ ಎಂದರು. ಅಫಜಲಪುರದಿಂದ ಆಳಂದದವರೆಗೆ ಕಡತ ಹೊತ್ತವನ ಹೆಸರು ಹಾಜರಿ ಪುಸ್ತಕ ಬಿಟ್ಟು ಎಲ್ಲಿಯೂ ಬಂದಿರಲಿಲ್ಲ. ನಾನು ಉಬ್ಬಿಹೋದೆ. ಆದರೆ ಕಚೇರಿಯ ಅಭ್ಯಾಸ ನೋಡಿ, ಮನೆಯಲ್ಲೂ ಗುಟ್ಟು ಬಿಡಲಿಲ್ಲ. ದೊಡ್ಡವರೊಬ್ಬರು ಹಿತ್ತಲು ನೋಡಲು ಬರುತ್ತಾರೆ ಎಂದಷ್ಟೇ ಹೇಳಿದೆ.

ಗುಬ್ಬಿ ಗೂಡು ಕಟ್ಟುವ ಕಾಲ. ಕಂಡಿದ್ದನ್ನೆಲ್ಲ ಕಿತ್ತೊಯ್ಯುವ ಬುದ್ಧಿ ಅವುಗಳದು. ಕೋಲು ಹಿಡಿದು ಹಿತ್ತಲಲ್ಲೇ ಕೂತು ಓಡಿಸತೊಡಗಿದೆ. ಗಂಡನಿಗೆ ಕೊನೆಗೂ ಜೋಳ ಕಾಯುವ ಬುದ್ಧಿ ಬಂತೆಂದು ಹೆಂಡತಿ ಸಂತೋಷಪಟ್ಟಳು.

ರವಿವಾರ ಕಟಿಂಗ್ ಮಾಡಿಸಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಕಾದು, ಮಧ್ಯಾಹ್ನ ಮಾಸ್ತರರನ್ನು ಹಿತ್ತಲಿಗೆ ಕರೆತಂದೆ. ಫರಸಿಕಲ್ಲು ನಿನ್ನೆ ಹಾಸಿದಂತಿತ್ತು. ಹೆಂಡತಿ ಬೆಳಿಗ್ಗೆಯೇ ತೆಂಗಿನ ನಾರು ಹಾಕಿ ಉಜ್ಜಿದ್ದಳು.

"ಬಂದೋರು ಪಾಚಿ ಮ್ಯಾಲ ಜಾರಿ ಬಿದ್ರ ಯಾರ ಮಾನ ಹೋಗ್ತದ್ರಿ?" ಎಂದಳು.

ನನಗೆ ಅಳು ಬಂತು. ಕೆರೆದ ಪಾಚಿ ಎಲ್ಲಿ ಎಂದು ಕೇಳಿದರೆ ಗೋಡೆಯತ್ತ ಕೈ ತೋರಿಸಿದಳು. ಗೋಡೆಯ ಬುಡಕ್ಕೆ ಚೆಲ್ಲಿದ್ದನ್ನು ಗುಬ್ಬಿಗಳು ಆಗಲೇ ಮೀಟರ್ ಡಬ್ಬಿಯ ಹಿಂದಿನ ಗೂಡಿಗೆ ಸಾಗಿಸಿದ್ದವು. ಮಾಸ್ತರರು ಸ್ಟೂಲು ಹತ್ತಿದರು, ನಾನು ಹಿಡಿದುಕೊಂಡೆ. ಇಣುಕಿದವರ ಮುಖ ಅರಳಿತು.

"ತತ್ತಿ ಅವ ಒಳಗ. ಮರಿ ಹಾರೋತನ ಮುಟ್ಟಬ್ಯಾಡ್ರಿ. ಬೆಕ್ಕು ಬರದಂಗ ನೋಡ್ಕೋರಿ."

ಸ್ಟೂಲಿನ ಮೇಲಿಂದಲೇ ಫೋಟೋ ತೆಗೆದುಕೊಂಡು, ರೊಟ್ಟಿ ಉಂಡು ಹೋದರು. ಅಪರೂಪದ್ದೆಲ್ಲ ಗುಬ್ಬಿಯ ಹಾಸಿಗೆಯಾಯಿತು. ನಾನು ಅದೇ ಕೋಲು ಹಿಡಿದು ಈಗ ಬೆಕ್ಕು ಓಡಿಸುತ್ತಿದ್ದೇನೆ. ಮರುದಿನ ಮಾಸ್ತರರ ಫೋಟೋ ಊರೆಲ್ಲ ಹರಿದಾಡಿತು: ಹಸಿರು ಗೂಡು, ಅದರಾಚೆ ನಗುವ ಹೆಂಡತಿ, ಕೆಳಗೆ ಅವಳ ಹೆಸರು. ಮೂಲೆಯಲ್ಲಿ ಸ್ಟೂಲು ಹಿಡಿದ ಒಂದು ಕೈ ಕಾಣುತ್ತದೆ. ಅದು ನನ್ನದೆಂದರೆ ಕಚೇರಿಯಲ್ಲಿ ಒಬ್ಬನೂ ನಂಬುತ್ತಿಲ್ಲ.