ಸೆಟ್ ನಿಷೇಧ ಮತ್ತು ಮುದ್ದೆ ಕೋಲು

ನಲವತ್ತೆರಡನೆಯ ವಯಸ್ಸಿನಲ್ಲಿ, ತೆರಕಣಾಂಬಿಯಲ್ಲಿ ಸಂಜೆ ಪಾಠಕ್ಕೆ ಕುಳಿತು ಹತ್ತನೆಯ ತರಗತಿ ಪಾಸು ಮಾಡಿದವಳು ನಾನು. (ಇಂಗ್ಲಿಷಿನಲ್ಲಿ ಅರವತ್ತೊಂದು. ಉಳಿದ ಅಂಕಗಳ ವಿಚಾರ ಇಲ್ಲಿ ಅಪ್ರಸ್ತುತ.) ಅಂಥವಳ ಯಜಮಾನರಾದ ಗಂಗಾಧರಸ್ವಾಮಿಯವರು ಇಡೀ ಸಂಸಾರವನ್ನು 'ಸೆಟ್' ಎಂಬ ಒಂದೇ ಪದದಿಂದ ನಡೆಸುತ್ತಿದ್ದರು. ಮೊಸರು ಹೆಪ್ಪಾದರೆ ಸೆಟ್. ನಾದಿನಿಯ ಮಗಳಿಗೆ ಗಂಡು ಗೊತ್ತಾದರೆ ಸೆಟ್. ಬೋರಿನ ಮೋಟಾರು ಸೆಟ್, ಬಳೆ ಸೆಟ್, ಹೋಟೆಲಿನ ದೋಸೆಯೂ ಸೆಟ್. ನನ್ನ ಮಂಡಿನೋವಿಗೂ, "ಎಣ್ಣೆ ಉಜ್ಜು, ಸೆಟ್ ಆಯ್ತದೆ!"

ನಿಘಂಟಿನಲ್ಲಿ ಆ ಪದಕ್ಕೆ ಪುಟಗಟ್ಟಲೆ ಅರ್ಥಗಳಿರುವುದನ್ನು ನಮ್ಮ ಮೇಷ್ಟರು ತೋರಿಸಿದ್ದರು. ಇಂಗ್ಲಿಷಿನವರಿಗೆ ಪದಗಳ ಬಡತನವಿರಬಹುದು, ನಮಗೇನು? ಕ್ಯಾಲೆಂಡರಿನ ಬೆನ್ನಿಗೆ ಕಾಯ್ದೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ: 'ಸದರಿ ಪದವನ್ನು ದಿನದಲ್ಲಿ ಮೊದಲು ಉಚ್ಚರಿಸಿದವರು ಅಂದಿನ ಮುದ್ದೆ ತಿರುವತಕ್ಕದ್ದು.'

ನನ್ನ ಮುದ್ದೆಗೆ ಬೀದಿಯಲ್ಲೆಲ್ಲ ಹೆಸರು. ಹಿಟ್ಟು ತಿರುವುವ ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟವಳೇ ಅಲ್ಲ. ಯಜಮಾನರು ಒಂದು ದಿನ ಬೆವರಿದರೆ ಬುದ್ಧಿ ಬರುತ್ತದೆ ಎಂದುಕೊಂಡೆ.

ಮೊದಲ ದಿನ ಕಾಫಿಯ ಹೊತ್ತಿಗೇ ಸಿಕ್ಕಿಬಿದ್ದರು. "ಸಕ್ರೆ ಸೆಟ್ಟಾಗ್ಯದೆ ಕಣಮ್ಮಿ."

"ಕೋಲು ಹಿಡೀರಿ."

"ಗಂಡಸು ಹಿಟ್ಟು ತಿರುವದಾ? ನೋಡ್ದೋರು ನಗಾಕಿಲ್ವಾ?"

"ನಗ್ಲಿ. ಬಾಗ್ಲು ತೆಗೆದೇ ತಿರುವಿ."

ಅಂದು ಮುದ್ದೆಯ ತುಂಬ ಗಂಟು. ಮರುದಿನ ಮತ್ತೆ ಸಿಕ್ಕಿಬಿದ್ದರು, ಗಂಟು ಕಡಿಮೆಯಾಯಿತು. ನಾಲ್ಕನೆಯ ದಿನ ನಮ್ಮ ಅತ್ತೆ ಚಿಕ್ಕಬಸಮ್ಮನವರು, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ, ಎರಡನೆಯ ಮುದ್ದೆಗೆ ತಟ್ಟೆ ಚಾಚಿದರು.

"ಬೆಣ್ಣೆ ಕಣ್ಲಾ ಮಗ! ಇಷ್ಟ್ ದಿನ ಈ ಕೈಯ ಎಲ್ಲಿ ಬಚ್ಚಿಟ್ಟಿದ್ದೆ?"

ನಾನು ನನ್ನ ಅರ್ಧ ಮುದ್ದೆಯನ್ನು ತಟ್ಟೆಯಂಚಿಗೆ ಸರಿಸಿದೆ. ಅಂದಿನಿಂದ ಯಜಮಾನರು ಹಾಸಿಗೆ ಬಿಡುವ ಮೊದಲೇ ಆ ಪದವನ್ನು ಮಂತ್ರದಂತೆ ಉಚ್ಚರಿಸತೊಡಗಿದರು. ಪಕ್ಕದ ಮನೆಯ ಮರಿತಾಯಮ್ಮ ಮುದ್ದೆ ಕಲಿಯಲು ಬಂದಳು. ನನ್ನ ಹತ್ತಿರವಲ್ಲ!

"ಕಾಯ್ದೆ ರದ್ದು," ಎಂದೆ.

"ಅದೆಂಗೆ? ಗೋಡೆ ಮ್ಯಾಲೆ ನಿನ್ನದೇ ಅಕ್ಷರ," ಎಂದರು ಯಜಮಾನರು. ಆಮೇಲೆ ದನಿ ತಗ್ಗಿಸಿ, "ಪಾತ್ರೆಗೆ ಮಂಡಿ ಒತ್ತಿ ತಿರುವಿ ತಿರುವಿ ನಿಂಗೆ ನೋವು ಕಣಮ್ಮಿ. ವಾರದಿಂದ ನೀನು ಕುಂಟ್ತಾ ಇಲ್ಲ, ನೋಡ್ಕೊಂಡ್ಯಾ?"

ನೋಡಿಕೊಂಡಿರಲಿಲ್ಲ. ಕಣ್ಣು ತುಂಬಿತು. ಆದರೂ ಕೋಲು ಕೋಲೇ.

ನಿನ್ನೆ ಬೆಳಗಿನ ಐದಕ್ಕೆ ಸದ್ದಿಲ್ಲದೆ ಎದ್ದೆ. ಅತ್ತೆಯವರ ಮುಂದೆ ನೆಟ್ಟಗೆ ನಿಂತು, ಇಂಗ್ಲಿಷಿನಲ್ಲಿ ಅರವತ್ತೊಂದು ಪಡೆದ ನಾನು, ಸ್ಪಷ್ಟವಾಗಿ ಉಚ್ಚರಿಸಿದೆ: "ಸೆಟ್!"

ಅತ್ತೆ ಎಲೆಯಡಿಕೆ ಮೆಲ್ಲುತ್ತ ತಲೆಯಾಡಿಸಿದರು.

"ಅವ್ನು ಆಗ್ಲೇ ನಿದ್ದೆಗಣ್ಣಲ್ಲೇ ಅಂದ್ಬುಟ್ಟ ಕಣಮ್ಮಿ. ಓಗು, ಮಲಿಕೊ."